ಹದಿನೇಳನೆಯವಳು

ನೂರಕ್ಕೆ ನೂರು ಅಂಕ ತೆಗೆದ ತಪ್ಪಿಗೆ ಒಬ್ಬ ಹುಡುಗಿಯನ್ನು ಹಿಂದಕ್ಕೆ ತಳ್ಳುವ ಲೆಕ್ಕವನ್ನು ನೀವು ಎಂದಾದರೂ ಕುಳಿತು ಓದಿದ್ದೀರಾ, ಅಥವಾ ನಿಮ್ಮ ಮಗು ಗೆರೆಯ ಮೇಲಿದ್ದುದರಿಂದ ಓದುವ ಅಗತ್ಯವೇ ಬೀಳಲಿಲ್ಲವೇ?

ವರ್ಲೀನ್ ಹ್ರುಸ್ಕಾ ಓದಿದ್ದಳು. ಓದಿ ಓದಿ ಅದು ಅವಳಿಗೆ ತನ್ನ ಮನೆಯ ವಿಳಾಸದಷ್ಟು ಬಾಯಿಪಾಠವಾಗಿತ್ತು. ಟೆಕ್ಸಸ್ಸಿನ ಆ ಚಿಕ್ಕ ಊರಿನ ಹೈಸ್ಕೂಲಿನಲ್ಲಿ ಅವಳು ಕೌನ್ಸೆಲರ್. ಯಾವ ಮಗು ಯಾವ ವಿಷಯ ಓದಬೇಕು, ಯಾವ ಕಾಲೇಜಿಗೆ ಅರ್ಜಿ ಹಾಕಬೇಕು ಎಂದು ಹೇಳುವುದು ಅವಳ ಕೆಲಸ. ಸೆಪ್ಟೆಂಬರಿನ ಈ ಶುಕ್ರವಾರ ಬೆಳಿಗ್ಗೆ ಅವಳು ಕಂಪ್ಯೂಟರಿನ ಮುಂದೆ ಕುಳಿತು, ಕೊನೆಯ ವರ್ಷದ ಮಕ್ಕಳ ಶ್ರೇಣಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತಿದ್ದಾಗ, ಹೊರಗೆ ಕಾರಿಡಾರಿನಲ್ಲಿ ಗಂಟೆಗಳು ಕಿಣಿಕಿಣಿ ಎನ್ನುತ್ತಲೇ ಇದ್ದವು. ಸಂಜೆ ಹಳೆಯ ವಿದ್ಯಾರ್ಥಿಗಳೆಲ್ಲ ಊರಿಗೆ ಮರಳುವ ಫುಟ್‌ಬಾಲ್ ಪಂದ್ಯ. ಆ ದಿನದ ರೂಢಿಯಂತೆ ಹುಡುಗಿಯರು ಎದೆಯ ಮೇಲೆ ತಟ್ಟೆಯಗಲದ ಬಟ್ಟೆಯ ಸೇವಂತಿಗೆ ಚುಚ್ಚಿಕೊಂಡು, ಅದರಿಂದ ಮೊಣಕಾಲಿನವರೆಗೆ ಇಳಿಬಿಟ್ಟ ರಿಬ್ಬನ್ನುಗಳಿಗೆ ಪುಟ್ಟ ಗಂಟೆಗಳನ್ನು ಕಟ್ಟಿಕೊಂಡು ಓಡಾಡುತ್ತಿದ್ದರು. ಒಂದೊಂದು ಗಂಟೆಯೂ ಅವಳ ಎಡಗಣ್ಣಿನ ಹಿಂದೆ ಎಲ್ಲೋ ಹೋಗಿ ತಾಗುತ್ತಿತ್ತು. ತಲೆನೋವಿನ ಮಾತ್ರೆ ನುಂಗಿ ಬಹಳ ಹೊತ್ತಾಗಿತ್ತು. ಹದಿನಾರನೆಯ ಹೆಸರಿನ ಕೆಳಗೆ ಕಂಪ್ಯೂಟರು ತಾನಾಗಿಯೇ ಒಂದು ತೆಳ್ಳನೆಯ ಬೂದುಬಣ್ಣದ ಗೆರೆ ಎಳೆದಿತ್ತು. ತರಗತಿಯಲ್ಲಿ ನೂರ ಅರವತ್ತು ಮಕ್ಕಳು. ಅವರಲ್ಲಿ ಹತ್ತನೆಯ ಒಂದು ಭಾಗ ಹದಿನಾರು. ಗೆರೆಯ ಮೇಲಿರುವವರಿಗೆ ರಾಜ್ಯದ ವಿಶ್ವವಿದ್ಯಾಲಯದ ಬಾಗಿಲು ಕೇಳದೆಯೇ ತೆರೆಯುತ್ತದೆ, ಅದು ಕಾನೂನು. ಗೆರೆಯ ಕೆಳಗಿರುವವರು ಬಾಗಿಲು ತಟ್ಟಬೇಕು, ತಾವು ಯಾರು, ಯಾಕೆ, ಎಂದು ಬರೆದು ಕಳಿಸಬೇಕು, ಆಮೇಲೆ ಕಾಯಬೇಕು. ಹದಿನಾರನೆಯವನು ಕೋಲ್ಟನ್ ರೂಲಿ. ಗೆರೆಯ ಕೆಳಗೆ, ಹದಿನೇಳನೆಯವಳು, ಇಟ್ಸೆಲ್ ಬಾಲ್ಡೆರಾಸ್.

ಆ ಹೆಸರನ್ನು ಅವಳು ಎರಡು ಸಲ ಓದಿದಳು. ಎರಡನೆಯ ಸಲ ಓದಿದರೆ ಜಾಗ ಬದಲಾದೀತೇನೋ ಎಂಬಂತೆ. ಇಟ್ಸೆಲ್ ಮೂರು ವರ್ಷದಲ್ಲಿ ಒಂದೇ ಒಂದು ವಿಷಯದಲ್ಲೂ ಮೊದಲ ದರ್ಜೆಗಿಂತ ಕೆಳಗಿಳಿದವಳಲ್ಲ. ಕೋಲ್ಟನ್‌ಗೆ ರಸಾಯನಶಾಸ್ತ್ರದಲ್ಲಿ ಒಮ್ಮೆ ಎರಡನೆಯ ದರ್ಜೆ ಬಂದಿತ್ತು. ಆದರೂ ಅವನು ಮೇಲೆ, ಅವಳು ಕೆಳಗೆ, ಏಕೆಂದರೆ ಅವಳು ಹಾಡುತ್ತಿದ್ದಳು. ಕಠಿಣವೆಂದು ಶಾಲೆ ಗುರುತಿಸಿದ ವಿಷಯಗಳಲ್ಲಿ ಮೊದಲ ದರ್ಜೆಗೆ ಐದು ಅಂಕ, ಸಾಮಾನ್ಯ ವಿಷಯಗಳಲ್ಲಿ ಅದೇ ಮೊದಲ ದರ್ಜೆಗೆ ನಾಲ್ಕು. ಎಲ್ಲ ಕೂಡಿಸಿ, ವಿಷಯಗಳ ಸಂಖ್ಯೆಯಿಂದ ಭಾಗಿಸಿ ಸರಾಸರಿ ತೆಗೆಯುತ್ತಾರೆ. ಗಾಯನ ಸಾಮಾನ್ಯ ವಿಷಯ. ಪ್ರತಿ ವರ್ಷ ಗಾಯನದಲ್ಲಿ ಸಿಕ್ಕ ತುಂಬಿದ ನಾಲ್ಕು, ಐದುಗಳ ನಡುವೆ ಬಂದು ಕುಳಿತು, ಅವಳ ಸರಾಸರಿಯನ್ನು ಕೂದಲೆಳೆಯಷ್ಟು ಕೆಳಕ್ಕೆ ಎಳೆಯಿತು. ಸಾಲದ್ದಕ್ಕೆ, ಗಾಯನಕ್ಕೆ ವೇಳಾಪಟ್ಟಿಯಲ್ಲಿ ಜಾಗ ಉಳಿಸಿಕೊಳ್ಳಲೆಂದು ಅವಳು ಬೇಸಿಗೆ ರಜೆಯಲ್ಲಿ ಶಾಲೆಗೆ ಬಂದು ಆರೋಗ್ಯ, ಭಾಷಣಕಲೆ ಎರಡನ್ನೂ ಮುಗಿಸಿದ್ದಳು. ಅವೂ ಸಾಮಾನ್ಯ, ಅವೂ ನಾಲ್ಕು ನಾಲ್ಕು. ಕೋಲ್ಟನ್ ಕೊನೆಯ ಪಿರಿಯಡ್ಡಿನಲ್ಲಿ ಏನನ್ನೂ ಓದದೆ ತನ್ನ ಪಿಕಪ್ ಗಾಡಿ ಹತ್ತಿ ಮನೆಗೆ ಹೋಗುತ್ತಿದ್ದ. ಇಲ್ಲದ ವಿಷಯಕ್ಕೆ ಅಂಕವಿಲ್ಲ, ಅಂಕವಿಲ್ಲದ್ದನ್ನು ಭಾಗಿಸುವುದಿಲ್ಲ. ಹೆಚ್ಚು ಓದಿದವಳು ಕೆಳಗೆ, ಮನೆಗೆ ಹೋದವನು ಮೇಲೆ. ಇದನ್ನು ಗಣಿತವೆಂದು ಕರೆಯುವವರು ತಮ್ಮ ಮಕ್ಕಳ ಕಣ್ಣಿಗೆ ಕಣ್ಣು ಕೊಟ್ಟು ಹಾಗೆ ಕರೆಯಲಾರರು.

ಇದಕ್ಕೆ ಒಂದು ಬಿಡುಗಡೆಯೂ ಇತ್ತು. ಶಾಲೆಯ ನಿಯಮಪುಸ್ತಕದ ಯಾವುದೋ ಒಂದು ಮೂಲೆಯಲ್ಲಿ ಒಂದು ಸಾಲು: ವಿದ್ಯಾರ್ಥಿ ಬಯಸಿದರೆ ವರ್ಷಕ್ಕೊಂದು ಸಾಮಾನ್ಯ ವಿಷಯವನ್ನು ಸರಾಸರಿಯ ಲೆಕ್ಕದಿಂದ ಹೊರಗಿಡಬಹುದು, ಶಾಲೆ ತೆರೆದ ಮೊದಲ ವಾರಗಳಲ್ಲಿ ಕೇಳಿಕೊಳ್ಳಬೇಕು. ಈ ವರ್ಷದ ಗಡುವು ಕಳೆದ ಶುಕ್ರವಾರ ಮುಗಿದಿತ್ತು. ಅದರ ಹಿಂದಿನ ದಿನ, ಗುರುವಾರ, ವರ್ಲೀನ್ ಇಟ್ಸೆಲ್‌ಳನ್ನು ನೀರಿನ ನಲ್ಲಿಯ ಹತ್ತಿರ ಕಂಡಿದ್ದಳು. ಹುಡುಗಿ ಬಾಗಿ ನೀರು ಕುಡಿದು, ತುಟಿ ಒರೆಸಿಕೊಂಡು, ನಕ್ಕಿದ್ದಳು. ಹೇಳಬೇಕೆಂದು ಬಾಯಿಯವರೆಗೆ ಬಂದದ್ದು, ಆಗಲೂ ಇದೇ ತಲೆನೋವು, ಆಗಲೂ ಯಾರೋ ಹಿಂದಿನಿಂದ ಕರೆದದ್ದು. ಇಲ್ಲ, ಯಾರೂ ಕರೆದಿರಲಿಲ್ಲ. ಯಾರೋ ಕರೆದಂತೆ ಮಾಡಿಕೊಂಡು ಅವಳೇ ತಿರುಗಿದ್ದಳು. ಒಬ್ಬಳಿಗೆ ಹೇಳಿದರೆ ಎಲ್ಲರಿಗೂ ಹೇಳಬೇಕಾಗುತ್ತದೆ, ಎಲ್ಲರೂ ಬಂದರೆ ಈ ಕೋಣೆಯಲ್ಲಿ ಕೂರಲು ಕುರ್ಚಿಯಿಲ್ಲ, ಎಂದು ಆಗ ಅನ್ನಿಸಿದ್ದು ನಿಜವೇ, ಅಥವಾ ಈಗ, ತಪ್ಪಿಗೊಂದು ಕಾರಣ ಬೇಕಾಗಿ, ಅನ್ನಿಸುತ್ತಿದೆಯೇ? ತನ್ನ ಸ್ವಂತ ಮಗಳು ಜನೀನ್ ಕ್ಲಾರಿನೆಟ್ ಬಾರಿಸುತ್ತಿದ್ದ ನಾಲ್ಕು ವರ್ಷವೂ ಆ ಕೋರಿಕೆಗೆ ಅವಳು ಸಹಿ ಮಾಡಿದ್ದಳು. ಮೋಡ ಕಂಡರೆ ಮಗುವಿನ ಕೈಗೆ ಕೊಡೆ ಕೊಡುವಷ್ಟು ಸಹಜವಾಗಿ, ಯೋಚಿಸದೆ. ಜನೀನ್ ಗೆರೆಯ ಮೇಲಿದ್ದಳು. ಕ್ಲಾರಿನೆಟ್ ಈಗ ಗರಾಜಿನ ಮೇಲಟ್ಟದಲ್ಲಿದೆ.

ಒಂಬತ್ತನೆಯ ತರಗತಿಗೆ ಬರುವ ಮಕ್ಕಳನ್ನು ಪೋಷಕರೊಂದಿಗೆ ಕರೆಸುವ ಸಂಜೆ ಶಾಲೆಯ ಊಟದ ಕೋಣೆಯಲ್ಲಿ ಪ್ಲಾಸ್ಟಿಕ್ ಮೇಜುಗಳಿಗೆ ಕಾಗದ ಹಾಸಿ, ನಿಂಬೆ ಶರಬತ್ತು, ಅಂಗಡಿಯ ಕುಕಿ ಇಡುತ್ತಾರೆ. ಇಟ್ಸೆಲ್, ಕೋಲ್ಟನ್ ಸೇರಿದ ವರ್ಷದ ಆ ಸಂಜೆ ಕೋಲ್ಟನ್‌ನ ತಾಯಿ ಮಿಸೆಸ್ ರೂಲಿ ನಿಯಮಪುಸ್ತಕದಲ್ಲಿ ಹಳದಿ ಗುರುತು ಹಾಕಿಕೊಂಡು ಬಂದು ಮೊದಲ ಸಾಲಿನಲ್ಲಿ ಕುಳಿತಿದ್ದಳು; ವರ್ಲೀನ್ ಒಂದು ಪುಟದ ಸಂಖ್ಯೆ ತಪ್ಪು ಹೇಳಿದಾಗ, ಎಲ್ಲರ ಎದುರಿಗೆ ನಗುನಗುತ್ತಲೇ ತಿದ್ದಿದ್ದಳು. ವರ್ಲೀನ್ ಅವಳ ಪಕ್ಕದ ಕುರ್ಚಿಯಲ್ಲಿ ಕುಳಿತು, ವಿಷಯ ಹೊರಗಿಡುವ ಆ ಸಾಲನ್ನು ಬೆರಳಿಟ್ಟು ತೋರಿಸಿದ್ದಳು. ಅದೇ ಸಂಜೆ, ಗೋಡೆಯ ಹತ್ತಿರ, ಕೋಳಿ ಕಾರ್ಖಾನೆಯ ರಬ್ಬರು ಬೂಟು ಕಳಚದೆಯೇ ಬಂದಿದ್ದ ತಂದೆಯೊಂದಿಗೆ ನಿಂತಿದ್ದ ಸಣಕಲು ಹುಡುಗಿ, ಇಟ್ಸೆಲ್, ಕೈ ಅರ್ಧ ಎತ್ತಿ ಕೇಳಿದ್ದಳು.

"ಮಿಸ್, ಕಾಯರ್, ಅದೇ ಹಾಡೋ ಕ್ಲಾಸು, ತಗೊಂಡ್ರೆ ಪರವಾಗಿಲ್ವಾ? ಅಪ್ಪ ಕೇಳ್ತಾ ಇದಾರೆ, ಓದಿಗೆ ತೊಂದ್ರೆ ಆಗುತ್ತಾ ಅಂತ."

"ನಿನಗೆ ಇಷ್ಟ ಇರೋದನ್ನ ಮಾಡು ಕಣಮ್ಮಾ," ಎಂದಿದ್ದಳು ವರ್ಲೀನ್. "ಮನಸ್ಸು ಹೇಳಿದ್ದನ್ನ ಮಾಡಿದ್ರೆ ಎಲ್ಲ ಸರಿಹೋಗುತ್ತೆ."

ತಂದೆಗೆ ಹುಡುಗಿ ಅದನ್ನು ತಮ್ಮ ಭಾಷೆಯಲ್ಲಿ ಹೇಳಿದಾಗ ಅವನು ತೊಟ್ಟಿದ್ದ ಟೋಪಿಯನ್ನು ತೆಗೆದು, ತಲೆಬಾಗಿ ವರ್ಲೀನ್‌ಗೆ ವಂದಿಸಿದ್ದ. ಎಷ್ಟು ಸುಂದರವಾದ ಮಾತು ಅದು. ಪ್ರಶ್ನೆ ಕೇಳಲು ಬರುವ ತಾಯಂದಿರಿಗೆ ಆ ಮಾತನ್ನು ಅವಳು ಎಂದೂ ಹೇಳಿರಲಿಲ್ಲ. ಅವರಿಗೆ ಪುಟದ ಸಂಖ್ಯೆ ಹೇಳುತ್ತಿದ್ದಳು. ಸುಂದರವಾದ ಮಾತು ಉಳಿದವರಿಗೆ. ಹದಿನೆಂಟು ವರ್ಷದಿಂದ ಅವಳು ಎರಡು ಬಗೆಯ ಮಕ್ಕಳಿಗೆ ಎರಡು ಬಗೆಯ ವಾಕ್ಯ ಇಟ್ಟುಕೊಂಡಿದ್ದಾಳೆ, ಮತ್ತು ಎರಡೂ ಸುಳ್ಳಲ್ಲ ಎಂಬುದೇ ಅವಳನ್ನು ಇಷ್ಟು ವರ್ಷ ನೆಮ್ಮದಿಯಿಂದ ಮಲಗಿಸಿದ್ದು. ಸುಳ್ಳು ಹೇಳದೆಯೂ ಅನ್ಯಾಯ ಮಾಡಬಹುದೆಂದು ಪಾಠ ಹೇಳಿಕೊಡುವವರು ಮೊದಲು ತಾವು ಕಲಿಯಬೇಕಿತ್ತು.

ಪ್ರಾಂಶುಪಾಲ ಡ್ವೈಟ್ ಸಾರೆಲ್ಸ್ ಶಾಲೆಯ ಬಣ್ಣದ ಶರ್ಟು ತೊಟ್ಟು, ತನ್ನ ಕೋಣೆಯಲ್ಲಿ ಸಂಜೆಯ ಮೆರವಣಿಗೆಗೆಂದು ತಂದ ಮಿಠಾಯಿಗಳನ್ನು ಬಕೆಟ್ಟಿಗೆ ಸುರಿಯುತ್ತಿದ್ದ. ವರ್ಲೀನ್ ಬಾಗಿಲಲ್ಲೇ ನಿಂತು ವಿಷಯ ಹೇಳಿದಳು. ಗಡುವು ಒಂದೇ ವಾರ ಮೀರಿದೆ. ಈ ವರ್ಷದ ಗಾಯನವನ್ನು ಲೆಕ್ಕದಿಂದ ಹೊರಗಿಟ್ಟರೆ, ಜನವರಿಯಲ್ಲಿ ಶ್ರೇಣಿಯನ್ನು ಮತ್ತೊಮ್ಮೆ ಕಟ್ಟುವಾಗ ಹುಡುಗಿ ಮೇಲೆ ಬರಬಹುದು, ವಿಶ್ವವಿದ್ಯಾಲಯ ಜನವರಿಯದನ್ನೂ ಒಪ್ಪುತ್ತದೆ.

"ಒಳಗೆ ಬನ್ನಿ, ಕೂತ್ಕೊಳ್ಳಿ ವರ್ಲೀನ್. ಕ್ಯಾರಮೆಲ್ ತಗೊಳ್ಳಿ. ಮುಖ ಯಾಕೆ ಹೀಗಿದೆ?"

"ತಲೆನೋವು."

"ಗಂಟೆಗಳು. ನನಗೂ ಅಷ್ಟೆ. ನನ್ನ ಹೆಂಡ್ತಿ ಮಗಳಿಗೆ ಕಟ್ಟಿದ ಹೂವಿಗೆ ಟೆಡ್ಡಿಬೇರ್ ಬೇರೆ ಹೊಲಿದಿದಾಳೆ, ಅದರ ಹೊಟ್ಟೇಲಿ ಲೈಟು. ಕಾರಿನ ಬಾಗಿಲು ಹಾಕೋಕಾಗಲಿಲ್ಲ." ಅವನು ಬಕೆಟ್ಟನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದ. "ನೋಡಿ, ಒಳ್ಳೆ ಹುಡುಗಿ. ಇಲ್ಲ ಅನ್ನಲ್ಲ. ಆದ್ರೆ ಗಡುವು ಅಂದ್ರೆ ಗಡುವು. ಇವತ್ತು ಈ ಮಗೂಗೆ ಮಾಡಿದ್ರೆ ಸೋಮವಾರ ಬೆಳಿಗ್ಗೆ ಇಲ್ಲಿಂದ ಪಾರ್ಕಿಂಗ್‌ತನಕ ತಾಯಂದಿರ ಕ್ಯೂ. ನೀವು ಸಂಭಾಳಿಸ್ತೀರಾ?"

"ಅವಳ ತಾಯಿ ಬರಲ್ಲ."

"ಅದಕ್ಕೇ ಹೇಳ್ತಿರೋದು. ಬರೋರು ಬೇರೆಯವರು."

ಎರಡು ವರ್ಷದ ಹಿಂದೆ ಕೋಲ್ಟನ್‌ನ ಬೇಸ್‌ಬಾಲ್ ತರಗತಿಯನ್ನು ಲೆಕ್ಕದಿಂದ ಹೊರಗಿಡುವ ಕೋರಿಕೆ ಗಡುವು ಮೀರಿ ಹತ್ತು ದಿನದ ಮೇಲೆ ಬಂದಿತ್ತು. ಮಿಸೆಸ್ ರೂಲಿ ಇದೇ ಕುರ್ಚಿಯಲ್ಲಿ ಕುಳಿತು, ಸೆಪ್ಟೆಂಬರಿನಲ್ಲೇ ಕೊಲೊರಾಡೋದಲ್ಲಿ ಹಿಮ ಬಿದ್ದು ವಿಮಾನ ತಪ್ಪಿದ ಕಥೆ ಹೇಳಿದ್ದಳು, ಸಾರೆಲ್ಸ್ ನಗುತ್ತ ಸಹಿ ಹಾಕಿದ್ದ, ಆ ಸಹಿಯನ್ನು ಕಂಪ್ಯೂಟರಿಗೆ ಏರಿಸಿದ್ದು ಇದೇ ವರ್ಲೀನ್. ಈಗ ಆ ಮಾತು ಅವಳ ನಾಲಗೆಯ ಮೇಲೆ ಬಂದು ಕುಳಿತಿತು. ಮಾತನಾಡಿದರೆ ಏನಾಗುತ್ತದೆ? ಅವನು ಬಯ್ಯುವುದಿಲ್ಲ. ಅವನು ಒಳ್ಳೆಯವನು, ಅವಳ ಗಂಡ ತೀರಿಕೊಂಡಾಗ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು. ಅವನು ಸುಮ್ಮನೆ ಅವಳನ್ನು ನೋಡುತ್ತಾನೆ, ಆಮೇಲೆ ಇಬ್ಬರಿಗೂ ಗೊತ್ತಿರುವ ಒಂದು ಸಂಗತಿ ಕೋಣೆಯಲ್ಲಿ ಶಾಶ್ವತವಾಗಿ ಕುಳಿತುಬಿಡುತ್ತದೆ, ನಿವೃತ್ತಿಗೆ ಉಳಿದ ಎರಡು ವರ್ಷವೂ ಅದರ ಪಕ್ಕದಲ್ಲೇ ಹಾದು ಓಡಾಡಬೇಕು. ಅವಳು ಕ್ಯಾರಮೆಲ್ಲಿನ ಕಾಗದ ಬಿಡಿಸಿ ಬಾಯಿಗೆ ಹಾಕಿಕೊಂಡಳು. ಆ ಮಾತಿನ ಮೇಲೆ ಸಿಹಿ ಕರಗಿತು.

"ಕಾಯರ್ ಬಿಡೋಕೆ ಹೇಳಿ," ಎಂದ ಸಾರೆಲ್ಸ್, ಸಹಾಯ ಮಾಡುವ ದನಿಯಲ್ಲಿ. "ವಿಷಯ ಬದಲಾಯಿಸೋಕೆ ಇವತ್ತೇ ಕೊನೇ ದಿನ ಅಲ್ವಾ? ಪರಿಸರ ವಿಜ್ಞಾನದಲ್ಲಿ ಸೀಟಿದೆ. ಐದು ಸಿಗುತ್ತೆ. ಕಾನೂನು ಪ್ರಕಾರಾನೇ ಆಯ್ತು."

ಹಿಂದಿರುಗುವಾಗ ಗಾಯನದ ಮೇಷ್ಟ್ರು ಪ್ರೂಯಿಟ್ ಎದುರಾದ. ಎತ್ತರದ, ಬಾಗಿದ ಬೆನ್ನಿನ ಮನುಷ್ಯ. ಬಗಲಲ್ಲಿ ಹಾಳೆಗಳ ಕಂತೆ. ಅವಳ ಮುಖ ನೋಡಿದ್ದೇ ನಿಂತ.

"ಇವತ್ತು ಶ್ರೇಣಿ ಬರೋ ದಿನ ತಾನೇ? ಹೇಳಿ, ಈ ಸಲ ನನ್ನ ಕ್ಲಾಸಿಂದ ಯಾರನ್ನ ಕಿತ್ಕೊಂಡು ಹೋಗ್ತಿದೀರಿ?"

"ನಾನು ಯಾರನ್ನೂ ಕಿತ್ಕೊಳ್ಳಲ್ಲ, ಪ್ರೂಯಿಟ್."

"ಪ್ರತಿ ವರ್ಷ ಇದೇ ಕಥೆ. ಚೆನ್ನಾಗಿ ಓದೋ ಮಕ್ಕಳು ಒಂದೊಂದಾಗಿ ಕಣ್ಣು ತಪ್ಪಿಸಿ ಜಾಗ ಖಾಲಿ ಮಾಡ್ತಾರೆ. ನನ್ನ ಕ್ಲಾಸಲ್ಲಿ ಏನು, ಸಿಡುಬು ಇದೆಯಾ? ಬೋರ್ಡು ಹಾಕಿಬಿಡ್ಲಾ ಬಾಗಿಲಿಗೆ, ಇಲ್ಲಿ ಹಾಡಿದ್ರೆ ಅಂಟುತ್ತೆ ಅಂತ?" ಅವಳು ಎಡಗಣ್ಣಿನ ಮೇಲೆ ಕೈಯಿಟ್ಟುಕೊಂಡಳು. ಅವನ ದನಿ ಇಳಿಯಿತು. "ಇಟ್ಸೆಲ್ ಅಲ್ಲ ತಾನೇ? ವಲಯದ ಹಾಡುಗಾರರ ಆಯ್ಕೆಗೆ ಅವಳನ್ನ ಕಳಿಸ್ತಿದೀನಿ. ಮಿಸೆಸ್ ಹ್ರುಸ್ಕಾ. ಇಟ್ಸೆಲ್ ಅಲ್ಲ ಅಂತ ಹೇಳಿ."

"ತಲೆ ನೋಯ್ತಿದೆ," ಎಂದಳು ವರ್ಲೀನ್. ಇಡೀ ದಿನ ಅವಳು ಹೇಳಿದ ಮಾತುಗಳಲ್ಲಿ ಪೂರ್ತಿ ನಿಜವಾದದ್ದು ಅದೊಂದೇ.

ಇಟ್ಸೆಲ್ ಊಟದ ಬಿಡುವಿನಲ್ಲಿ ಬಂದಳು. ಅವಳ ಎದೆಯ ಮೇಲಿದ್ದ ಸೇವಂತಿಗೆ ಅಂಗಡಿಯದಲ್ಲ. ಮನೆಯಲ್ಲಿ ಕತ್ತರಿಸಿ ಹೊಲಿದದ್ದು, ದಳಗಳ ಅಂಚು ಒಂದೇ ಸಮವಾಗಿರಲಿಲ್ಲ, ಗಂಟೆ ಇರಲಿಲ್ಲ. ಕುರ್ಚಿಯ ತುದಿಯಲ್ಲಿ ಕುಳಿತು, ವರ್ಲೀನ್ ಕೊಟ್ಟ ಶ್ರೇಣಿಯ ಹಾಳೆಯನ್ನು ನೋಡಿ, ಅದನ್ನು ಮಡಿಸದೆ ತೊಡೆಯ ಮೇಲಿಟ್ಟುಕೊಂಡಳು. ಆ ಸಂಖ್ಯೆ ಅವಳ ಮುಖದಲ್ಲಿ ಏನನ್ನೂ ಮಾಡಲಿಲ್ಲ. ವರ್ಲೀನ್ ಅಳುವನ್ನು ನಿರೀಕ್ಷಿಸಿ ಕಾಗದದ ಕರವಸ್ತ್ರದ ಪೆಟ್ಟಿಗೆಯನ್ನು ಮೇಜಿನ ಆಚೆ ಬದಿಗೆ ಸರಿಸಿಟ್ಟಿದ್ದಳು. ಈಗ ಅದು ಅಲ್ಲಿ ನಾಚಿಕೆಗೇಡಿನಂತೆ ಕುಳಿತಿತ್ತು.

"ಎಲ್ಲಿ ಕಮ್ಮಿ ಬಂತು ಮಿಸ್? ಅದನ್ನ ಹೇಳಿ, ಸರಿ ಮಾಡ್ಕೊಳ್ತೀನಿ."

"ಎಲ್ಲೂ ಕಮ್ಮಿ ಬಂದಿಲ್ಲ."

"ಮತ್ತೆ?"

ವರ್ಲೀನ್ ವಿವರಿಸಿದಳು. ಬಹಳ ಹಿಂದೆ ಗಣಿತದ ಟೀಚರ್ ಆಗಿದ್ದವಳು, ವಿವರಿಸುವುದು ಅವಳಿಗೆ ಗೊತ್ತು. ಸಿಹಿಯಾದ ಐಸ್ ಟೀ ಲೋಟಕ್ಕೆ ನೀರು ಹಾಕಿದ ಹಾಗೆ, ಎಂದಳು. ನೀರು ಎಷ್ಟೇ ಶುದ್ಧವಾಗಿದ್ದರೂ ಸಿಹಿ ತೆಳುವಾಗುತ್ತೆ. ಹೇಳುತ್ತಿರುವಾಗಲೇ ತನ್ನ ದನಿ ತನಗೆ ಕೇಳಿಸಿತು: ತಾಳ್ಮೆಯ, ಮೃದುವಾದ, ದಾದಿಯರಂಥ ದನಿ. ಈ ದನಿಯನ್ನು ತಾನು ಯಾವಾಗ ಕಲಿತೆ? ಗಂಡನ ಕೊನೆಯ ತಿಂಗಳಲ್ಲಿ ಆಸ್ಪತ್ರೆಯವರು ಅವಳೊಂದಿಗೆ ಹೀಗೆಯೇ ಮಾತನಾಡಿದ್ದರು, ಎಲ್ಲವನ್ನೂ ಎಷ್ಟು ಸ್ಪಷ್ಟವಾಗಿ ವಿವರಿಸಿದ್ದರೆಂದರೆ ಕೇಳಲು ಏನೂ ಉಳಿದಿರಲಿಲ್ಲ, ಕೂಗಾಡಲೂ.

"ನೀರು ಕುಡಿಯೋದು ತಪ್ಪು ಅಂತ ಯಾರೂ ಹೇಳಿರಲಿಲ್ಲ ಮಿಸ್," ಎಂದಳು ಇಟ್ಸೆಲ್.

ಅದರಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ಸಹಿಸುವುದು ಸುಲಭವಿತ್ತು. ಹುಡುಗಿ ಹಾಳೆಯನ್ನೇ ನೋಡುತ್ತ ಬೆರಳಿನಿಂದ ಏನೋ ಕೂಡಿಸುತ್ತಿದ್ದಳು. ಅವಳ ತುಟಿ ಸಣ್ಣಗೆ ಅಲುಗುತ್ತಿತ್ತು. ಆಮೇಲೆ ತಲೆಯೆತ್ತಿದಳು.

"ಕೋಲ್ಟನ್‌ಗೆ ಇದು ಗೊತ್ತಿತ್ತಾ?"

"ಅವನ ತಾಯಿಗೆ ಗೊತ್ತಿತ್ತು."

"ಅವರಿಗೆ ಯಾರು ಹೇಳಿದ್ರು?"

ನಿಯಮಪುಸ್ತಕದಲ್ಲಿದೆ, ಎನ್ನಲು ಹೊರಟ ವರ್ಲೀನ್ ಸುಮ್ಮನಾದಳು. ನಾನು, ಎಂಬ ಎರಡಕ್ಷರ ಅವಳ ಎದೆಯಲ್ಲಿ ಎದ್ದು ಕುಳಿತು, ಬಾಗಿಲವರೆಗೆ ಬಂದು, ನಿಂತಿತು. ಅದನ್ನು ಹೇಳಿದರೆ ಹುಡುಗಿ ಏನು ಮಾಡುತ್ತಾಳೆ, ಕ್ಷಮಿಸಿಬಿಡುತ್ತಾಳೆ, ಅಷ್ಟೇ. ಇವಳು ಕ್ಷಮಿಸುವ ಜಾತಿ, ಇವಳ ತಂದೆ ಟೋಪಿ ತೆಗೆದು ವಂದಿಸುವ ಜಾತಿ. ಹದಿನೇಳರ ಹುಡುಗಿಯಿಂದ ಕ್ಷಮೆ ಪಡೆದುಕೊಂಡು, ಹಗುರಾಗಿ, ಸಂಜೆ ಪಂದ್ಯ ನೋಡಲು ಹೋಗುವುದೇ? ಅವಳು ಪರಿಸರ ವಿಜ್ಞಾನದ ಸೀಟಿನ ವಿಷಯ ಹೇಳಿದಳು. ಇವತ್ತೇ ಕೊನೆಯ ದಿನ ಎಂದಳು. ಗಾಯನ ಬಿಟ್ಟರೂ ಜನವರಿಯಲ್ಲಿ ಮೇಲೆ ಬಂದೇ ಬರುತ್ತೀಯೆಂದು ಹೇಳಲಾರೆ, ಬರಬಹುದು ಅಷ್ಟೆ, ಎಂದಳು. ಕೊನೆಯ ಮಾತನ್ನು ಹೇಳಿದ್ದಕ್ಕಾಗಿ ತನ್ನ ಬಗ್ಗೆ ಅವಳಿಗೆ ಕ್ಷಣಮಾತ್ರ ಗೌರವ ಬಂದು, ಕೂಡಲೇ ಅದೂ ಹೇಸಿಗೆಯೆನಿಸಿತು.

ಇಟ್ಸೆಲ್ ಹಾಳೆಯನ್ನು ಎರಡಾಗಿ ಮಡಿಸಿದಳು. ಕಾರಿಡಾರಿನಲ್ಲಿ ಯಾರೋ ಓಡಿದರು. ಗಂಟೆಗಳ ಒಂದು ಇಡೀ ಗೊಂಚಲು ಬಂದು, ಹಾದು, ಹೋಯಿತು.

"ನಮ್ಮ ಮನೇಲಿ ಯಾರೂ ಕಾಲೇಜ್ ಒಳಗೆ ಹೋದೋರಿಲ್ಲ ಮಿಸ್," ಎಂದಳು. "ಅಣ್ಣ ಒಂದ್ಸಲ ಹೋಗಿದ್ದ, ಹುಲ್ಲು ಕತ್ತರಿಸೋಕೆ. ಸಹಿ ಎಲ್ಲಿ ಹಾಕ್ಬೇಕು?"

"ಮನೇಲಿ ಕೇಳಿ ಬಾ, ಮರಿ. ಮೂರು ಗಂಟೆವರೆಗೂ ಸಮಯ ಇದೆ."

"ಅಪ್ಪ ಶಿಫ್ಟಲ್ಲಿದಾರೆ, ಫೋನ್ ಒಳಗೆ ಬಿಡಲ್ಲ. ಕೇಳಿದ್ರೂ ಮಿಸ್ ಏನು ಹೇಳಿದ್ರು ಅಂತಾನೇ ಕೇಳ್ತಾರೆ."

ಅವಳು ಸಹಿ ಹಾಕಿದಳು. ದುಂಡಗಿನ, ಎಚ್ಚರಿಕೆಯ ಅಕ್ಷರ. ವರ್ಲೀನ್ ಅದರ ಕೆಳಗೆ ತನ್ನದನ್ನು ಹಾಕಿದಳು. ಕಂಪ್ಯೂಟರಿನಲ್ಲಿ ಎರಡು ಸಲ ಒತ್ತಿದ್ದಾಯಿತು: ಒಂದು ಸಾಲು ಮಾಯವಾಗಿ ಇನ್ನೊಂದು ಸಾಲು ಬಂದು ಕುಳಿತಿತು. ಏಳಲು ಹೊರಟ ಹುಡುಗಿ ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತಳು.

"ಇನ್ನೊಂದು ಕೇಳ್ಲಾ ಮಿಸ್. ಸಂಜೆ ಶಾಲೆ ಬಿಟ್ಟ ಮೇಲೆ ಕಾಯರ್‌ನವರು ಅಭ್ಯಾಸ ಮಾಡ್ತಾರಲ್ಲ. ಹೆಸರಿಲ್ಲದೆ ಸುಮ್ನೆ ಹಿಂದಿನ ಸಾಲಲ್ಲಿ ನಿಂತ್ಕೋಬಹುದಾ? ಅಂಕ ಬೇಡ. ಯಾರಿಗೂ ಗೊತ್ತಾಗದ ಹಾಗೆ ಸಣ್ಣಗೆ ಹಾಡ್ತೀನಿ."

ತರಗತಿಯಲ್ಲಿ ಹೆಸರಿಲ್ಲದವರು ಗಾಯನವೃಂದದಲ್ಲಿ ನಿಲ್ಲುವಂತಿಲ್ಲ. ವಲಯದ ಆಯ್ಕೆಗೂ ಹೋಗುವಂತಿಲ್ಲ. ಅದೂ ನಿಯಮಪುಸ್ತಕದಲ್ಲಿತ್ತು, ಅದರ ಪುಟದ ಸಂಖ್ಯೆಯೂ ವರ್ಲೀನ್‌ಗೆ ಗೊತ್ತಿತ್ತು. "ಆಗಲ್ಲ ಕಣಮ್ಮಾ," ಎಂದಳು.

"ಸರಿ ಮಿಸ್. ಥ್ಯಾಂಕ್ಸ್ ಮಿಸ್."

ಆ ಧನ್ಯವಾದ ಕೋಣೆಯಲ್ಲೇ ಉಳಿಯಿತು. ಅದು ನಿಜವಾದದ್ದಾಗಿತ್ತು, ತನಗಾಗಿ ಊಟದ ಬಿಡುವನ್ನು ಕಳೆದುಕೊಂಡ ದೊಡ್ಡವರಿಗೆ ಒಳ್ಳೆಯ ಮನೆಯ ಮಗು ಹೇಳುವ ಧನ್ಯವಾದ. ವರ್ಲೀನ್ ಎದ್ದು ಬಾಗಿಲು ಹಾಕಿ, ಮತ್ತೆ ಕುಳಿತು, ಮೇಜಿನ ಮೇಲೆ ಎರಡೂ ಕೈಗಳನ್ನು ಮಗುಚಿಟ್ಟು ನೋಡಿದಳು. ಪ್ರೂಯಿಟ್‌ಗೆ ತಾನಾಗಿ ಹೋಗಿ ಹೇಳಬೇಕು. ಹೇಳುವುದಿಲ್ಲ, ಅವನ ತರಗತಿಯ ಹಾಜರಿ ಸೋಮವಾರ ತೆರೆದಾಗ ಅಲ್ಲಿ ಒಂದು ಹೆಸರು ಇರುವುದಿಲ್ಲ, ಅವನಿಗೆ ತಿಳಿಯುತ್ತದೆ. ಸಾರೆಲ್ಸ್‌ಗೆ ಕೊಲೊರಾಡೋದ ಹಿಮವನ್ನು ನೆನಪಿಸಬೇಕು. ನೆನಪಿಸುವುದಿಲ್ಲ. ಶಾಲಾ ಮಂಡಳಿಯ ಮುಂದೆ ಹೋಗಿ ಹೆಸರು ಬರೆಸಿ, ಎದ್ದು ನಿಂತು, ಈ ಭಾಗಾಕಾರ ತಪ್ಪು ಎಂದು ಹೇಳಬೇಕು. ಎರಡು ವರ್ಷದ ಸೇವೆ ಉಳಿದಿದೆ, ಮಂಡಳಿಯಲ್ಲಿ ಕೋಲ್ಟನ್‌ನ ತಂದೆ ಮಿಸ್ಟರ್ ರೂಲಿ ಕುಳಿತಿರುತ್ತಾನೆ, ದಣಿವು ಮೂಳೆಯವರೆಗೆ ಇಳಿದಿದೆ. ಅವಳು ಫೋನೆತ್ತಿ, ಹದಿನೆಂಟನೆಯ ಹೆಸರನ್ನು ಕರೆಯಲು ಕಚೇರಿಯವರಿಗೆ ಹೇಳಿದಳು.

ವರ್ಲೀನ್ ಹ್ರುಸ್ಕಾ ಎದ್ದು ನಿಲ್ಲುವುದಿಲ್ಲ. ಅವಳಂಥವರು ಪ್ರತಿ ಶಾಲೆಯಲ್ಲೂ ಇದ್ದಾರೆ, ಅವರಲ್ಲಿ ಕೆಟ್ಟವರು ಯಾರೂ ಇಲ್ಲ, ಅವರನ್ನು ಕಾದು ಕೂತರೆ ಏನೂ ಆಗುವುದೂ ಇಲ್ಲ. ಆದರೆ ಮಂಡಳಿಯ ಸಭೆಯಲ್ಲಿ ಊರಿನ ಯಾರು ಬೇಕಾದರೂ ಮಾತನಾಡಬಹುದು. ಮೂರು ನಿಮಿಷ ಕೊಡುತ್ತಾರೆ, ಅಷ್ಟು ಸಾಕು. ಆ ಶಾಲೆಯಲ್ಲಿ ನಿಮಗೆ ಕಳೆದುಕೊಳ್ಳಲು ನೌಕರಿಯಿಲ್ಲ, ನಿಮ್ಮ ಮಗು ಆಗಲೇ ದಾಟಿ ಹೋಗಿದೆ. ಅಕ್ಟೋಬರಿನ ಎರಡನೆಯ ಸೋಮವಾರ ಸಂಜೆ ಶಾಲೆಯ ಊಟದ ಕೋಣೆಗೆ ಬನ್ನಿ. ಬಾಗಿಲ ಹತ್ತಿರ ನಿಮ್ಮ ಹೆಸರು ಬರೆಸಿ. ನಿಮ್ಮ ಸರದಿ ಬಂದಾಗ, ಹಾಡಿದ ತಪ್ಪಿಗೆ ಯಾವ ಮಗುವಿನ ಲೆಕ್ಕದಲ್ಲೂ ಅಂಕ ಕಳೆಯಬೇಡಿ ಎಂದು ಅವರ ಮುಖ ನೋಡಿ ಕೇಳಿ.